ಪಕ್ಕದ ಪಂಚಾಯಿತಿಗೆ ಬಂದ ವಿಮೆ ಹಣ ನಮಗೇಕೆ ಬರಲಿಲ್ಲ? ಮಲೆನಾಡಿನ ಅಡಿಕೆ ಮತ್ತು ಬದಲಾದ ಮಳೆಯ ಲೆಕ್ಕ

ಹವಾಮಾನ ಆಧಾರಿತ ಬೆಳೆ ವಿಮೆಯ ಹಣ ಜಮಾ ಆಗಿದೆ ಎಂಬ ಸುದ್ದಿ ಬಂದಾಗಲೆಲ್ಲ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಒಂದೇ ಪ್ರಶ್ನೆ ಏಳುತ್ತದೆ. ಪಕ್ಕದ ಪಂಚಾಯಿತಿಯವರಿಗೆ ಕೈತುಂಬ ಬಂತು, ನಮಗೆ ಕಟ್ಟಿದ ಕಂತಿನಷ್ಟೂ ಬರಲಿಲ್ಲ. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗ ಅಲ್ಲಿಗಿಂತ ಇಲ್ಲೇ ಜಾಸ್ತಿ ಬಂದಿತ್ತು. ತೋಟದಲ್ಲಿ ಉದುರಿದ ಕಾಯಿ ಯಾರು ಬೇಕಾದರೂ ಬಂದು ನೋಡಬಹುದಿತ್ತು. ಹಾಗಾದರೆ ಈ ಲೆಕ್ಕ ಹಾಕಿದವರು ಯಾರು, ಏನು ನೋಡಿ ಹಾಕಿದರು?

ಈ ಗೊಂದಲದಲ್ಲಿ ಎರಡು ಬೇರೆ ಬೇರೆ ವಿಷಯಗಳು ಸೇರಿಕೊಂಡಿವೆ. ವಿಮೆಯ ಲೆಕ್ಕ ಹೇಗೆ ನಡೆಯುತ್ತದೆ ಎಂಬುದು ಒಂದು. ಮಳೆಯ ಸ್ವಭಾವವೇ ಬದಲಾಗಿರುವಾಗ ಮಲೆನಾಡಿನ ರೈತ ಏನನ್ನು ನಂಬಿ ಬದುಕಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಸರಿಪಡಿಸಬಹುದು. ಆದರೆ ಅದು ಸರಿಯಾದ ಮಾತ್ರಕ್ಕೆ ಎರಡನೆಯದು ಸರಿಹೋಗುವುದಿಲ್ಲ.

ವಿಮೆ ನೋಡುವುದು ಮಳೆಯನ್ನು, ತೋಟವನ್ನಲ್ಲ

ಭತ್ತ, ಮೆಕ್ಕೆಜೋಳಕ್ಕೆ ಇರುವ ಫಸಲ್ ಬಿಮಾ ಎಂಬ ಬೆಳೆ ವಿಮೆಯಲ್ಲಿ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಕೆಲವು ಹೊಲ ಆರಿಸಿ, ಅಳತೆ ಹಾಕಿ ಕೊಯ್ದು, ತೂಗಿ ನೋಡುತ್ತಾರೆ. ಇಳುವರಿ ಎಷ್ಟು ಇಳಿದಿದೆ ಎನ್ನುವುದರ ಮೇಲೆ ಪರಿಹಾರ.

ಅಡಿಕೆ, ಕಾಳುಮೆಣಸಿಗೆ ಹೀಗಿಲ್ಲ. 2016ರಲ್ಲಿ ಹೊಸ ರೂಪ ಪಡೆದ ಹವಾಮಾನ ಆಧಾರಿತ ವಿಮೆ ಇವಕ್ಕೆ ಅನ್ವಯಿಸುತ್ತದೆ. ಇಲ್ಲಿ ಯಾರೂ ತೋಟಕ್ಕೆ ಬಂದು ನೋಡುವುದಿಲ್ಲ. ಯಾವ ಅವಧಿಯಲ್ಲಿ ಎಷ್ಟು ಮಿಲಿಮೀಟರ್ ಮಳೆ ದಾಟಿದರೆ ಅಥವಾ ಎಷ್ಟು ಕಡಿಮೆಯಾದರೆ ಹೆಕ್ಟೇರಿಗೆ ಎಷ್ಟು ರೂಪಾಯಿ ಎಂದು ಮೊದಲೇ ಒಂದು ಪಟ್ಟಿ ಮಾಡಿರುತ್ತಾರೆ. ಇದಕ್ಕೆ ಟರ್ಮ್ ಶೀಟ್ ಅಂತಾರೆ. ಗ್ರಾಮ ಪಂಚಾಯಿತಿಯ ಮಳೆಮಾಪಕದಲ್ಲಿ ದಾಖಲಾದ ಅಂಕಿಯನ್ನು ಆ ಪಟ್ಟಿಯ ಪಕ್ಕ ಇಟ್ಟು ಲೆಕ್ಕ ಮಾಡುತ್ತಾರೆ. ಆ ಪಂಚಾಯಿತಿಯ ಎಲ್ಲರಿಗೂ ಹೆಕ್ಟೇರಿಗೆ ಒಂದೇ ದರ. ಪೂರ್ತಿ ಕೊಳೆ ಬಂದ ತೋಟಕ್ಕೂ ಅಷ್ಟೇ, ಒಂದು ಕಾಯಿಯೂ ಉದುರದ ತೋಟಕ್ಕೂ ಅಷ್ಟೇ.

ಹೀಗೆ ಮಾಡಲು ಕಾರಣವೂ ಇದೆ. ಅಡಿಕೆಯನ್ನು ಒಂದೇ ಸಲ ಕೊಯ್ದು ಮುಗಿಸುವುದಿಲ್ಲ. ಕೊನೆ, ಅಂದರೆ ಅಡಿಕೆ ಗೊಂಚಲು, ಹಣ್ಣಾದ ಹಾಗೆ ತಿಂಗಳುಗಟ್ಟಲೆ, ಹಲವು ಸುತ್ತು ಕೊಯ್ಲು ನಡೆಯುತ್ತದೆ. ಕೊಳೆಯಲ್ಲಿ ಕಾಯಿ ಉದುರುವುದೂ ವಾರಗಟ್ಟಲೆ. ಪ್ರತಿ ತೋಟಕ್ಕೂ ಹೋಗಿ ನಷ್ಟ ಅಳೆಯಲು ಜನ ಸಾಲುವುದಿಲ್ಲ, ಅಳೆದರೂ ಜಗಳ ತಪ್ಪುವುದಿಲ್ಲ. ಮಳೆಯ ಅಂಕಿಯಾದರೆ ಯಾರೂ ತಿದ್ದಲಾಗದು, ಹಣವೂ ಬೇಗ ಕೊಡಬಹುದು ಎಂಬುದು ಈ ಯೋಜನೆಯ ಹಿಂದಿನ ಆಲೋಚನೆ. ಆಲೋಚನೆ ತಪ್ಪಲ್ಲ. ಆದರೆ ಅದು ಪೂರ್ತಿ ಮಳೆಮಾಪಕದ ಮೇಲೆ ನಿಂತಿದೆ.

ಮಾಪಕ ಇರುವ ಜಾಗ, ಮಳೆ ಬೀಳುವ ಜಾಗ

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಂಕಿ ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ಹೋಬಳಿ ಮಟ್ಟದಲ್ಲಿ ಉಷ್ಣಾಂಶ, ತೇವಾಂಶ, ಗಾಳಿಯನ್ನೂ ಅಳೆಯುವ ಕೇಂದ್ರಗಳಿವೆ. ಇಂಥ ಮಾಪಕಗಳು ಸಾಮಾನ್ಯವಾಗಿ ಕೆಲಸ ಮಾಡುವ ಬಗೆ ಸರಳ. ಮೇಲೆ ಒಂದು ಆಲಿಕೆ. ಅದರ ಕೆಳಗೆ ಆಚೀಚೆ ವಾಲುವ ಪುಟ್ಟ ಜೋಡಿ ಬಟ್ಟಲು. ಇಂತಿಷ್ಟು ನೀರು ತುಂಬಿದ ಕೂಡಲೇ ಬಟ್ಟಲು ಒಂದು ಕಡೆ ವಾಲುತ್ತದೆ, ಇನ್ನೊಂದು ಬಟ್ಟಲು ನೀರಿಗೆ ಒಡ್ಡಿಕೊಳ್ಳುತ್ತದೆ. ಎಷ್ಟು ಸಲ ವಾಲಿತು ಎಂಬುದೇ ಮಳೆಯ ಲೆಕ್ಕ. ಬಿಸಿಲಿನಿಂದ ಚಾರ್ಜ್ ಆಗುವ ಬ್ಯಾಟರಿ, ಮೊಬೈಲ್ ಸಿಗ್ನಲ್ ಮೂಲಕ ಅಂಕಿ ರವಾನೆ.

ಈಗ ಇದನ್ನು ಹೊಸನಗರದ ಆಷಾಢದಲ್ಲಿ ಇಟ್ಟು ನೋಡಿ. ಆಲಿಕೆಯಲ್ಲಿ ಒಂದು ಎಲೆ ಕೂತರೆ ನೀರು ಇಳಿಯುವುದಿಲ್ಲ. ಪಕ್ಕದ ಮರ ನಾಲ್ಕು ವರ್ಷದಲ್ಲಿ ಬೆಳೆದು ಮೇಲೆ ಬಾಗಿದರೆ ಮಳೆಯೇ ಅಡ್ಡವಾಗುತ್ತದೆ. ವಾರಗಟ್ಟಲೆ ಮೋಡ ಇದ್ದರೆ ಸೋಲಾರ್ ಫಲಕಕ್ಕೆ ಬಿಸಿಲಿಲ್ಲ. ಸಿಗ್ನಲ್ ಅಂತೂ ಮಳೆಗಾಲದಲ್ಲಿ ಮನುಷ್ಯರಿಗೇ ಸಿಗುವುದು ಕಷ್ಟ. ಯಂತ್ರ ಕೆಟ್ಟಾಗ ಅಥವಾ ಅಂಕಿ ಬಾರದಿದ್ದಾಗ ಹತ್ತಿರದ ಇನ್ನೊಂದು ಕೇಂದ್ರದ ಅಂಕಿಯನ್ನು ತೆಗೆದುಕೊಳ್ಳುತ್ತಾರೆ.

ಬಯಲುಸೀಮೆಯಲ್ಲಿ ಇದರಿಂದ ಅಷ್ಟು ತೊಂದರೆ ಆಗಲಿಕ್ಕಿಲ್ಲ. ಮಲೆನಾಡಿನಲ್ಲಿ ಆಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಅಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ತೀರ್ಥಹಳ್ಳಿ ಪೇಟೆಗೆ ಬರುವಷ್ಟರಲ್ಲಿ ಅದು ಅರ್ಧಕ್ಕೂ ಕಡಿಮೆ. ಅದೇ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದಲ್ಲಿ ಸಾವಿರದ ಆಸುಪಾಸು. ಒಂದೇ ಪಂಚಾಯಿತಿಯೊಳಗೂ ಗುಡ್ಡದ ಪಡುವಣ ಮಗ್ಗುಲಿನ ಕೇರಿಗೂ ಮೂಡಣ ಮಗ್ಗುಲಿನ ಕೇರಿಗೂ ಮಳೆ ಬೇರೆ. ಹೀಗಿರುವಾಗ ಪಕ್ಕದ ಪಂಚಾಯಿತಿಯ ಅಂಕಿಯನ್ನು ಇಲ್ಲಿಗೆ ಹಚ್ಚಿದರೆ ಅದು ಇಲ್ಲಿನ ಮಳೆ ಆಗುವುದಿಲ್ಲ.

ಇನ್ನೂ ಒಂದು ಮಾತಿದೆ. ಮಾಪಕ ಸರಿಯಾಗಿಯೇ ಇದ್ದರೂ ಕೊಳೆಯ ಕತೆ ಬೇರೆ. ಕೊಳೆಗೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಕಾಯಿಯ ಮೇಲೆ ಒದ್ದೆ ಆರದೆ ನಿಲ್ಲಬೇಕು, ಗಾಳಿಯಲ್ಲಿ ತೇವ ತುಂಬಿರಬೇಕು, ಉಷ್ಣಾಂಶ 20ರಿಂದ 23 ಡಿಗ್ರಿಯ ಸುತ್ತ ಇರಬೇಕು, ನಡುನಡುವೆ ತುಸು ಬಿಸಿಲು ಬರಬೇಕು. ಆಗ ಅದು ಹಬ್ಬುತ್ತದೆ. ಒಂದೇ ರಾತ್ರಿ 150 ಮಿಲಿಮೀಟರ್ ಸುರಿದು ಮರುದಿನ ಬಿಸಿಲು ಬಿದ್ದರೆ ಆಗುವ ಕೊಳೆಗಿಂತ, ಹದಿನೈದು ದಿನ ದಿನಾ ಹತ್ತು ಮಿಲಿಮೀಟರ್ ಜಿನುಗಿದರೆ ಆಗುವ ಕೊಳೆ ಜಾಸ್ತಿ. ಒಟ್ಟು ಮಿಲಿಮೀಟರ್ ಎರಡೂ ಕಡೆ ಒಂದೇ. ಮೊತ್ತ ಮಾತ್ರ ನೋಡುವ ಲೆಕ್ಕಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ.

ಯಾರ ವಾದ ಏನು

ಕಂಪನಿಗಳ ವಾದ ನೇರವಾಗಿದೆ. ಒಪ್ಪಂದದಲ್ಲಿ ಬರೆದದ್ದನ್ನು ಕೊಡುತ್ತೇವೆ, ಅಂಕಿ ನಮ್ಮದಲ್ಲ, ಸರ್ಕಾರದ್ದು. ಸರ್ಕಾರದ ಕಡೆಯವರು ಹೇಳುವುದೂ ಅರ್ಥವಾಗುವಂಥದ್ದೇ. ರೈತರು ಕಟ್ಟುವುದು ವಿಮಾ ಮೊತ್ತದ ಶೇಕಡಾ 5 ಮಾತ್ರ, ಉಳಿದ ಪ್ರೀಮಿಯಂ ಹೊರೆ ಕೇಂದ್ರ ಮತ್ತು ರಾಜ್ಯದ ಮೇಲಿದೆ, ಅಂಕಿ ಬಿಟ್ಟು ಬಾಯಿಮಾತಿನ ಮೇಲೆ ಹಣ ಕೊಡಲು ಆಗದು. ಬೆಳೆಗಾರರ ಸಂಘಗಳು ಕೇಳುವುದು: ಮಾಪಕ ಕೆಟ್ಟದ್ದಕ್ಕೆ ರೈತ ಯಾಕೆ ದಂಡ ತೆರಬೇಕು? ಕೆಟ್ಟದ್ದು ಗೊತ್ತಾಗುವುದೇ ಹಣ ಬಂದ ಮೇಲಾದರೆ, ಆಗ ಆ ಮಳೆಯನ್ನು ಎಲ್ಲಿಂದ ತರುವುದು?

ನನಗೆ ಬೆಳೆಗಾರರ ಈ ಕೊನೆಯ ಪ್ರಶ್ನೆಯೇ ಮುಖ್ಯ ಅನ್ನಿಸುತ್ತದೆ. ಮಾಪಕ ಬಿಟ್ಟು ಮತ್ತೆ ತೋಟ ನೋಡುವ ಪದ್ಧತಿಗೆ ಹೋದರೆ ವಶೀಲಿ ಇದ್ದವರಿಗೆ ಮೊದಲು ಹಣ ಸಿಗುತ್ತದೆ, ಸಣ್ಣವರು ಹಿಂದೆ ಉಳಿಯುತ್ತಾರೆ. ಹಾಗಾಗಿ ಮಾಪಕ ಇರಬೇಕು. ಆದರೆ ಅದರ ಅಂಕಿ ಮಳೆಗಾಲ ನಡೆಯುತ್ತಿರುವಾಗಲೇ ಊರವರ ಕಣ್ಣಿಗೆ ಬೀಳಬೇಕು. ಪಂಚಾಯಿತಿ ಬೋರ್ಡಿನ ಮೇಲೆ ದಿನದ ಮಳೆ ಬರೆದರೆ, ನಿನ್ನೆ ರಾತ್ರಿಯಿಡೀ ಸುರಿದದ್ದಕ್ಕೆ ಸೊನ್ನೆ ಬರೆದಿದ್ದನ್ನು ಊರಿನ ಯಾರಾದರೂ ಅವತ್ತೇ ಕೇಳುತ್ತಾರೆ. 2023ರಲ್ಲಿ ಕೇಂದ್ರ ಸರ್ಕಾರ ವಿಂಡ್ಸ್ ಎಂಬ ಹೆಸರಿನಲ್ಲಿ ಹಳ್ಳಿ ಮಟ್ಟದ ಮಾಪಕಗಳ ಜಾಲಕ್ಕೆ ಚಾಲನೆ ಕೊಟ್ಟಿತು. ಯಂತ್ರ ಹೆಚ್ಚಾಗುವುದು ಒಳ್ಳೆಯದೇ. ಅದನ್ನು ನೋಡಿಕೊಳ್ಳುವವರು ಯಾರು ಎಂಬುದು ತೀರ್ಮಾನವಾಗದಿದ್ದರೆ ಕೆಟ್ಟು ನಿಲ್ಲುವ ಯಂತ್ರಗಳೂ ಹೆಚ್ಚಾಗುತ್ತವೆ.

ಪೂರ್ತಿ ಬಂದರೂ ಎಷ್ಟು?

ಅಡಿಕೆಗೆ ಹೆಕ್ಟೇರಿಗೆ ವಿಮಾ ಮೊತ್ತ 1,28,000 ರೂಪಾಯಿ, ರೈತರು ಕಟ್ಟುವ ಕಂತು 6,400 ರೂಪಾಯಿ. ಇದೇ ದರ ವರ್ಷಗಳಿಂದ ಚಾಲ್ತಿಯಲ್ಲಿದೆ. ಎಕರೆಗೆ ಇಳಿಸಿದರೆ ಪೂರ್ತಿ ಮೊತ್ತ ಸುಮಾರು 52 ಸಾವಿರ. ಕೆಂಪಡಿಕೆಯ ಒಂದು ಬಗೆಯಾದ ರಾಶಿ ಅಡಿಕೆ ಕ್ವಿಂಟಾಲಿಗೆ 50 ಸಾವಿರ ದಾಟಿದ್ದನ್ನು ಶಿವಮೊಗ್ಗದ ಮಂಡಿಯಲ್ಲಿ ನೋಡಿದ್ದೇವೆ. ಅಂದರೆ ಒಂದು ಎಕರೆ ತೋಟದ ಪೂರ್ತಿ ವಿಮೆ ಒಂದು ಕ್ವಿಂಟಾಲ್ ಅಡಿಕೆಗೆ ಸಮ. ಚೆನ್ನಾಗಿರುವ ಎಕರೆ ತೋಟ ಎಂಟು ಕ್ವಿಂಟಾಲ್ ಕೊಟ್ಟರೆ, ವಿಮೆಯ ಅತಿ ಹೆಚ್ಚಿನ ಪರಿಹಾರ ಅದರ ಎಂಟನೇ ಒಂದು ಭಾಗ.

ವಿಕೋಪ ನಿಧಿಯಿಂದ ಸಿಗುವ ಪರಿಹಾರ ಇನ್ನೂ ಕಡಿಮೆ. 2022–26ರ ಕೇಂದ್ರದ ನಿಯಮದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ, ನಷ್ಟ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ.

ಆದ್ದರಿಂದ ವಿಮೆಯನ್ನು ಒಂದು ಕೆಟ್ಟ ವರ್ಷದ ಮದ್ದಿನ ಖರ್ಚು, ಆಳಿನ ಕೂಲಿ ದಾಟಿಸುವ ಹಣ ಎಂದು ನೋಡಬೇಕು. ಕೆಟ್ಟ ವರ್ಷಗಳೇ ಸಾಲಾಗಿ ಬಂದರೆ ಅದು ಸಾಲದು.

ಮಳೆಯಲ್ಲಿ ಬದಲಾಗಿದ್ದೇನು

ವರ್ಷದ ಒಟ್ಟು ಮಳೆ ನೋಡಿದರೆ ಬದಲಾವಣೆ ಅಷ್ಟಾಗಿ ಕಾಣದಿರಬಹುದು. ಅದು ಬರುವ ರೀತಿ ಬದಲಾಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದಿಡುತ್ತದೆ. ಅರಬ್ಬಿ ಸಮುದ್ರವೂ ಬಿಸಿಯಾಗುತ್ತಿದೆ. ಅದರಿಂದ ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ, ನಡುವಿನ ಬಿಡುವು ಉದ್ದವಾಗುತ್ತದೆ.

ಹಿಂದಿನ ಕೆಲವು ವರ್ಷ ನೆನಪಿಸಿಕೊಳ್ಳಿ. 2019ರ ಆಗಸ್ಟಿನಲ್ಲಿ ಕೆಲವೇ ದಿನಗಳ ಮಳೆಗೆ ಮಲೆನಾಡಿನಲ್ಲಿ ಗುಡ್ಡ ಕುಸಿದು ತೋಟಗಳ ಮೇಲೆ ಮಣ್ಣು ಬಂತು. 2023ರಲ್ಲಿ ಎಲ್ ನಿನೊ ಇತ್ತು, ಆಗಸ್ಟ್ ಒಣಗಿಹೋಯಿತು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಮರುವರ್ಷದ ಬೇಸಿಗೆಯಲ್ಲಿ ಬಾವಿ ಬತ್ತಿ, ಟ್ಯಾಂಕರ್ ನೀರು ಹಾಕಿ ಅಡಿಕೆ ಉಳಿಸಿಕೊಂಡವರಿದ್ದರು. ಅದೇ 2024ರ ಜುಲೈಯಲ್ಲಿ ಬಿಡದೆ ಮಳೆ, ಕೊಳೆ. ಹದಿನೆಂಟು ತಿಂಗಳೊಳಗೆ ಒಂದೇ ತೋಟ ನೀರಿಲ್ಲದೆಯೂ ಸೊರಗಿತು, ನೀರು ಹೆಚ್ಚಾಗಿಯೂ ಕೊಳೆಯಿತು.

ತೋಟದಲ್ಲಿ ನಡೆದಿರುವ ಹೊಂದಾಣಿಕೆ

ಕೊಳೆ ಮಲೆನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಇದನ್ನು ಅಧ್ಯಯನ ಮಾಡಿದ್ದರು. ಬೋರ್ಡೋ ದ್ರಾವಣ ಇವತ್ತಿಗೂ ನಂಬಿಗಸ್ತ ಮದ್ದು. ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಇನ್ನೊಂದರಲ್ಲಿ 50 ಲೀಟರಿಗೆ ಒಂದು ಕಿಲೋ ಸುಣ್ಣ. ಎರಡನ್ನೂ ಒಟ್ಟಿಗೆ ಮೂರನೆಯದಕ್ಕೆ ಸುರಿದು ಕಲಕುತ್ತಾರೆ, ತಿಳಿ ನೀಲಿ ಬಣ್ಣ ಬರುತ್ತದೆ. ಹೊಳೆಯುವ ಕತ್ತಿಯನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕುತ್ತಾರೆ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ ಹೊಡೆಯುವುದು ಲೆಕ್ಕ.

ಈ ಲೆಕ್ಕ ನಿಂತಿರುವುದು ಹೊಳವಿನ ಮೇಲೆ, ಅಂದರೆ ಮಳೆ ಬಿಡುವು ಕೊಡುವ ಹೊತ್ತಿನ ಮೇಲೆ. ಮದ್ದು ಹೊಡೆದು ಅದು ಕೊನೆಯ ಮೇಲೆ ಒಣಗಿ ಕೂರಲು ಮಳೆ ಸ್ವಲ್ಪ ಹೊತ್ತು ನಿಲ್ಲಬೇಕು. ಯಾವಾಗ ಹೊಳವಾಗುತ್ತದೆ ಎಂಬ ಅಂದಾಜು ಹಿಂದೆ ಮಳೆ ನಕ್ಷತ್ರಗಳ ಮೇಲೆ ಸಿಗುತ್ತಿತ್ತು. ಈಗ ಸಿಗುತ್ತಿಲ್ಲ. ಹೊಳವಾದ ದಿನ ಮರ ಹತ್ತಿ ಮದ್ದು ಹೊಡೆಯಲು ಊರಿನ ಎಲ್ಲರಿಗೂ ಅದೇ ಕೊನೆಗಾರ ಬೇಕು. ಅದಕ್ಕೇ ನೆಲದಲ್ಲೇ ನಿಂತು ಮದ್ದು ಹೊಡೆಯುವ ಕಾರ್ಬನ್ ಫೈಬರಿನ ಉದ್ದ ಕೋಲು, ದೋಟಿ, ಇಷ್ಟು ಬೇಗ ಹರಡಿತು. ಅಡಿಕೆ ಕೊನೆಗಳಿಗೆ ಮಳೆ ತಾಗದಂತೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರಿದ್ದಾರೆ. ಕೊಯ್ಲಿನ ಹೊತ್ತಿಗೂ ಮಳೆ ಬಿಡದಿರುವುದರಿಂದ ಅಂಗಳದ ಅಟ್ಟದ ಬದಲು ಪಾಲಿಹೌಸ್, ಡ್ರೈಯರ್ ಬಂದಿವೆ. ಮೆಣಸು, ಜಾಯಿಕಾಯಿ, ಕಾಫಿ ಸೇರಿಸಿ ಒಂದೇ ಬೆಳೆಯ ಮೇಲಿನ ಭಾರ ಇಳಿಸಿಕೊಂಡವರೂ ಬಹಳ.

ಇವೆಲ್ಲ ಬುದ್ಧಿವಂತಿಕೆಯ ಕೆಲಸಗಳೇ. ಎಲ್ಲಕ್ಕೂ ದುಡ್ಡು ಬೇಕು. ಅರ್ಧ ಎಕರೆಯವನು ಡ್ರೈಯರ್ ಕೊಳ್ಳಲಾರ.

ಗದ್ದೆ ತೋಟವಾದಾಗ

ದೊಡ್ಡ ಹೊಂದಾಣಿಕೆ ಬೇರೆ ಕಡೆ ನಡೆದಿದೆ. ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಸಾಮಾನ್ಯ ಭತ್ತಕ್ಕೆ 2025–26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಅಡಿಕೆಯ ಬೆಲೆ ಅದರ ಇಪ್ಪತ್ತು ಪಟ್ಟು. ನಾಟಿಗೆ ಜನ ಸಿಗುವುದಿಲ್ಲ, ಸಿಕ್ಕಿದ ದಿನ ಮಳೆ ಇಲ್ಲ. ಹೀಗಿರುವಾಗ ಗದ್ದೆ ಬಿಟ್ಟವರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ.

ಆದರೆ ಅದರ ಪರಿಣಾಮ ನೀರಿನ ಮೇಲೆ ಆಗುತ್ತದೆ. ಭತ್ತದ ಗದ್ದೆ ಅಂಚು ಕಟ್ಟಿ ಮೂರು ನಾಲ್ಕು ತಿಂಗಳು ನೀರು ನಿಲ್ಲಿಸುತ್ತದೆ. ಆ ನೀರು ನಿಧಾನ ಇಂಗಿ ಕೆಳಗಿನ ಬಾವಿಗಳಿಗೆ, ಒರತೆಗಳಿಗೆ ಬರುತ್ತದೆ. ಅಡಿಕೆಗೆ ಬುಡದಲ್ಲಿ ನೀರು ನಿಂತರೆ ಆಗುವುದಿಲ್ಲ. ಹಾಗಾಗಿ ಅದೇ ಜಾಗದಲ್ಲಿ ಬಸಿಗಾಲುವೆ ತೋಡಿ ಮಳೆನೀರನ್ನು ಬೇಗ ಹೊರಗೆ ಕಳಿಸುತ್ತಾರೆ. ಮಳೆಗಾಲದಲ್ಲಿ ನೀರು ಹಿಡಿಯುತ್ತಿದ್ದ ಜಾಗ ಈಗ ನೀರು ಬಿಡುವ ಜಾಗ.

ಬೇಸಿಗೆಯಲ್ಲಿ ಲೆಕ್ಕ ಇನ್ನೂ ಬಿಗಿ. ಹನಿ ನೀರಾವರಿಯಲ್ಲೂ ಒಂದು ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ 550 ಮರ ಹಿಡಿದರೆ ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್, ನೂರು ದಿನದ ಬೇಸಿಗೆಗೆ ಹತ್ತು ಲಕ್ಷ ಲೀಟರ್. ಗುಡ್ಡದ ನಡುವಿನ ಹಳೆಯ ತೋಟಗಳಿಗೆ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು, ನೆರಳು, ಸೊಪ್ಪಿನ ಹೊದಿಕೆ ಇದ್ದವು. ಬಯಲಿನ ಹೊಸ ತೋಟಕ್ಕೆ ಬೋರ್‌ವೆಲ್ ಬಿಟ್ಟರೆ ಗತಿಯಿಲ್ಲ. ಹೀಗೆ ಒಂದೇ ಬದಲಾವಣೆಯಿಂದ ನೀರಿನ ಬೇಡಿಕೆ ಏರಿತು, ಇಂಗುವಿಕೆ ಇಳಿಯಿತು. ಮೊದಲು ಬತ್ತುವುದು ಬೋರ್‌ವೆಲ್ ಕೊರೆಸಿದವರದ್ದಲ್ಲ, ಪಕ್ಕದವರ ತೆರೆದ ಬಾವಿ.

ವರದಾ ನದಿಯ ಬಯಲಿನಲ್ಲಿ ಇನ್ನೊಂದು ನಷ್ಟವಿದೆ. ನೆರೆ ನುಗ್ಗುವ ಸೊರಬ, ಸಾಗರದ ಗದ್ದೆಗಳಿಗೆ ನೆರೆಗುಳಿ, ಎಡಿಕುಣಿಯಂಥ ಭತ್ತದ ತಳಿಗಳಿದ್ದವು. ದಿನಗಟ್ಟಲೆ ನೀರಲ್ಲಿ ಮುಳುಗಿದರೂ ಬದುಕುವಂಥವು. ಬೆಳೆಯುವ ಗದ್ದೆ ಕಡಿಮೆಯಾದಷ್ಟೂ ಬೀಜ ಇಡುವ ಮನೆ ಕಡಿಮೆಯಾಗುತ್ತವೆ. ಮುಂದೆ ನೆರೆ ಹೆಚ್ಚಾದಾಗ ಬೇಕಾಗುವುದು ಇವೇ.

ಒಬ್ಬರಿಂದ ಆಗದ ಕೆಲಸ

ನನ್ನ ಮುಖ್ಯ ಆತಂಕ ಇಲ್ಲಿದೆ. ಮಲೆನಾಡು ಹೊಂದಿಕೊಳ್ಳುತ್ತಿದೆ, ಆದರೆ ಮನೆಮನೆ ಬೇರೆಬೇರೆಯಾಗಿ. ಮಳೆ, ನೀರು, ರೋಗ ಯಾವುದೂ ಬೇಲಿ ನೋಡಿ ನಿಲ್ಲುವುದಿಲ್ಲ, ಅಲ್ವಾ?

ಎಲೆಚುಕ್ಕೆ ರೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. 2022ರ ಹೊತ್ತಿಗೆ ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಕೊಪ್ಪ ಕಡೆ ಅದು ತೋಟದಿಂದ ತೋಟಕ್ಕೆ ಹಬ್ಬಿತು. ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿ, ಮಳೆಹನಿಯಲ್ಲಿ ಸಾಗುತ್ತವೆ. ನಾನು ರೋಗದ ಸೋಗೆ ಕತ್ತರಿಸಿ, ಸುಟ್ಟು, ಮದ್ದು ಹೊಡೆದರೂ ಮೇಲಿನ ತೋಟದವರು ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಇಡೀ ಕಣಿವೆ ಒಂದೇ ವಾರದಲ್ಲಿ ಮದ್ದು ಹೊಡೆದರೆ ಮಾತ್ರ ಉಪಯೋಗ. ಅದಕ್ಕೆ ದೋಟಿ, ಮೈಲುತುತ್ತ, ಆಳು ಮೂರನ್ನೂ ಸೊಸೈಟಿ ಮಟ್ಟದಲ್ಲಿ ಜೋಡಿಸಬೇಕು.

ನೀರಿನದೂ ಹೀಗೆಯೇ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ದಟ್ಟ ಕಾಡಾದ ಕಾನು, ಊರ ಕೆರೆ ಇವೇ ಮಲೆನಾಡಿನ ಹಳೆಯ ನೀರಿನ ವ್ಯವಸ್ಥೆ. ಬೆಟ್ಟ ಬೋಳಾಗಿ, ಅಕೇಶಿಯಾ ಎದ್ದು, ಕೆರೆಗೆ ಹೂಳು ತುಂಬಿದರೆ ಎಷ್ಟು ಬೋರ್‌ವೆಲ್ ಕೊರೆದರೂ ಸಾಲದು. ಬೆಟ್ಟದಲ್ಲಿ ಇಂಗುಗುಂಡಿ ತೋಡಿ, ಕೆರೆ ಹೂಳೆತ್ತಿದ ಊರುಗಳಲ್ಲಿ ಕೆಳಗಿನ ಬಾವಿಗಳು ಬೇಸಿಗೆಯಲ್ಲಿ ತಡವಾಗಿ ಬತ್ತುತ್ತವೆ. ಆದರೆ ಅದರ ಲಾಭ ತೋಡಿದವರಿಗೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಅದಕ್ಕೇ ಯಾರೂ ತಾವಾಗಿ ಮುಂದೆ ಬರುವುದಿಲ್ಲ, ಪಂಚಾಯಿತಿಯೇ ಮಾಡಬೇಕಾಗುತ್ತದೆ.

ಲೆಕ್ಕದ ಹೊರಗೆ ಉಳಿದವರು

ವಿಮೆಗೆ ಪಹಣಿ ಬೇಕು, ರೈತರ ಗುರುತಿನ ಸಂಖ್ಯೆ (ಎಫ್‌ಐಡಿ) ಬೇಕು, ಬೆಳೆ ಸಮೀಕ್ಷೆಯಲ್ಲಿ ಅಡಿಕೆ ಎಂದು ನಮೂದಾಗಿರಬೇಕು. ಶಿವಮೊಗ್ಗ ಜಿಲ್ಲೆಯಲ್ಲಿ ಈ ಷರತ್ತು ಸಣ್ಣದಲ್ಲ. 1964ರಲ್ಲಿ ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಡೆಯಾಗಿ ಬಂದು ನೆಲೆಸಿದ ಕುಟುಂಬಗಳಲ್ಲಿ ಬಹಳ ಮಂದಿಗೆ ಇವತ್ತಿಗೂ ಜಮೀನಿನ ಹಕ್ಕುಪತ್ರ ಇಲ್ಲ. ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನಿನ ಸಕ್ರಮಕ್ಕೆ ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರೂ ಹೀಗೆಯೇ. ಇವರ ತೋಟಕ್ಕೂ ಅದೇ ಮಳೆ ಬೀಳುತ್ತದೆ, ಅದೇ ಕೊಳೆ ಬರುತ್ತದೆ. ವಿಮೆ ಇಲ್ಲ, ವಿಕೋಪ ಪರಿಹಾರ ಇಲ್ಲ, ಬ್ಯಾಂಕ್ ಸಾಲವೂ ಇಲ್ಲ. ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿದವರು ಮುಂಗಡ ಕೊಟ್ಟು ನಷ್ಟ ಹೊರುತ್ತಾರೆ, ಪರಿಹಾರ ಪಹಣಿದಾರರ ಖಾತೆಗೆ ಹೋಗುತ್ತದೆ. ಕೂಲಿಯವರ ಹೆಸರಂತೂ ಯಾವ ಪಟ್ಟಿಯಲ್ಲೂ ಇಲ್ಲ. ಕೊಯ್ಲು ಕಡಿಮೆಯಾದ ವರ್ಷ ಅವರ ಕೆಲಸದ ದಿನಗಳೂ ಕಡಿಮೆಯಾಗುತ್ತವೆ.

ಮುಂದೇನಾಗಬಹುದು

ಮಾಪಕದ ಮೇಲಿನ ನಂಬಿಕೆ ಹೀಗೇ ಕುಸಿದರೆ ಜನ ವಿಮೆ ಬಿಡುತ್ತಾರೆ. 2020ರಿಂದ ಸಾಲ ಪಡೆದವರಿಗೂ ವಿಮೆ ಕಡ್ಡಾಯವಲ್ಲ. ಆಗ ಪದೇಪದೇ ನಷ್ಟವಾಗುವ ಪಂಚಾಯಿತಿಯವರೇ ಹೆಚ್ಚಾಗಿ ಉಳಿಯುತ್ತಾರೆ, ಪ್ರೀಮಿಯಂ ದರ ಏರುತ್ತದೆ. ಕೇಂದ್ರದ ಪಾಲಿಗೆ ನೀರಾವರಿ ಪ್ರದೇಶದಲ್ಲಿ ಶೇಕಡಾ 25, ಮಳೆಯಾಶ್ರಿತದಲ್ಲಿ ಶೇಕಡಾ 30ರ ಪ್ರೀಮಿಯಂ ದರದವರೆಗೆ ಮಿತಿ ಇದೆ. ಅದನ್ನು ದಾಟಿದ ಹೊರೆ ರಾಜ್ಯದ ತಲೆಗೆ. ರಾಜ್ಯ ಎಷ್ಟು ವರ್ಷ ಹೊರುತ್ತದೆ ಎಂಬುದು ಬಜೆಟ್ಟಿನ ಮಾತಾಗುತ್ತದೆ.

ಇದನ್ನು ತಡೆಯುವ ಕೆಲಸ ಕಂತು ಕಟ್ಟುವ ಜೂನ್–ಜುಲೈಗೆ ಮೊದಲೇ ಶುರುವಾಗಬೇಕು. ಮೇ ತಿಂಗಳ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಕೆಲವೇ. ನಮ್ಮ ಮಾಪಕ ಎಲ್ಲಿದೆ, ಕೊನೆಯ ಸಲ ಯಾವಾಗ ಪರೀಕ್ಷೆ ಆಯಿತು, ಅದು ಕೆಟ್ಟರೆ ಯಾವ ಕೇಂದ್ರದ ಅಂಕಿ ಹಿಡಿಯುತ್ತೀರಿ, ದಿನದ ಅಂಕಿಯನ್ನು ಬೋರ್ಡಿಗೆ ಬರೆಯುವವರು ಯಾರು. ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ತೋಟಗಾರಿಕೆ ಇಲಾಖೆಗೂ ಇನ್ನೊಂದನ್ನು ವಿಮಾ ಕಂಪನಿಯ ತಾಲ್ಲೂಕು ಪ್ರತಿನಿಧಿಗೂ ಕಳಿಸಿದರೆ, ಪರಿಹಾರದ ಹೊತ್ತಿಗೆ ಬೆಳೆಗಾರರ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಅದೇ ಸಭೆಯಲ್ಲಿ ಊರ ಕೆರೆಯ ಹೂಳು, ಬೆಟ್ಟದ ಇಂಗುಗುಂಡಿ, ಎಲೆಚುಕ್ಕೆಗೆ ಎಲ್ಲರೂ ಒಟ್ಟಿಗೆ ಮದ್ದು ಹೊಡೆಯುವ ವಾರ ಇವನ್ನೂ ತೀರ್ಮಾನಿಸಲು ಸಾಧ್ಯವಿದೆ. ಪಹಣಿ ಇಲ್ಲದ ಮನೆಗಳಿಗೂ ಮಾತಾಡಲು ಅವಕಾಶ ಇರುವ ಜಾಗ ಸದ್ಯಕ್ಕೆ ಅದೊಂದೇ.